ಗೋಬರ್ ಗ್ಯಾಸಿನ ಒಲೆ ಮತ್ತು ಡಬ್ಬಿಯ ಪುಡಿ

(ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕ್ಯಾಂಟೀನ್ ಕೆಲಸಗಾರರೂ ಶುಚಿ ಕೆಲಸಗಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿದೆ. -ಸಂ.)



ಈ ಹೊತ್ತಿನ ಸಭೆಯಲ್ಲಿ ಕೂಲಿಯ ವಿಷಯ, ರಜೆಯ ವಿಷಯ ಮಾತನಾಡಬೇಕೆಂದು ನಿಶ್ಚಯವಾಗಿತ್ತು. ಅವೆರಡನ್ನೂ ನನ್ನ ನಂತರ ಮಾತನಾಡತಕ್ಕ ಸಂಗಾತಿಗಳಿಗೆ ಬಿಟ್ಟಿದ್ದೇನೆ. ನಾನು ಮಾತನಾಡುವುದು ಈ ಡಬ್ಬಿಯ ವಿಷಯ. ಹಿಂದೆ ಕುಳಿತವರಿಗೂ ಕಾಣಲೆಂದು ಎತ್ತಿ ಹಿಡಿದಿದ್ದೇನೆ, ನೋಡಿ. ಇದರ ಮೇಲೆ ಬೆಂಕಿಯ ಚಿತ್ರವಿದೆ, ನೀಲಿ ಜ್ವಾಲೆಯ ಚಿತ್ರವಿದೆ. ಒಳಗೇನಿದೆ ಎಂಬುದನ್ನು ಮಾತ್ರ ಬರೆದಿಲ್ಲ. ತಂದು ಮಾರಿದವನು ಇದನ್ನು ಗೋಬರ್ ಗ್ಯಾಸಿನ ತೊಟ್ಟಿಗೆ ವಾರಕ್ಕೊಮ್ಮೆ ಹಾಕಿರಿ, ಗ್ಯಾಸಿನ ಪೈಪಿಗೆ ಒಂದು ಚಮಚ ಹಾಕಿರಿ, ಜ್ವಾಲೆ ಎರಡರಷ್ಟಾಗುತ್ತದೆ ಎಂದು ಹೇಳಿ ಹೋಗಿದ್ದಾನೆ. ಹಾಕಬೇಕಾದವರು ಯಾರು? ಕೊಂಡ ಮ್ಯಾನೇಜರರಲ್ಲ. ನಮ್ಮ ಕ್ಯಾಂಟೀನಿನ ಹಿಂಬದಿಯಲ್ಲಿ ಮುಸುರೆ ಹೊರುವ ಹುಡುಗ. ಆ ಹುಡುಗ ಈ ಸಭೆಯಲ್ಲಿ ಕುಳಿತಿದ್ದಾನೆ, ಅವನ ಹೆಸರು ಹೇಳುವುದಿಲ್ಲ. ಅವನು ತಂದು ತೋರಿಸಿದ್ದರಿಂದಲೇ ಈ ಭಾಷಣ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಕಾರ್ಖಾನೆಯ ಹೆಸರು ಬೇಡ. ಇಂಥ ಕ್ಯಾಂಟೀನು ಇಲ್ಲಿಯೂ ಇವೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇವೆ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಬೆನ್ನಿಗೂ ಇವೆ. ಅಲ್ಲಿ ಉಳಿದ ಅನ್ನ, ಸಾಂಬಾರು, ತರಕಾರಿ ಸಿಪ್ಪೆ ಎಲ್ಲವನ್ನೂ ಹಾಕುವ ಗ್ಯಾಸ್ ತೊಟ್ಟಿ ಇದೆ. ಕೆಲವು ತಿಂಗಳು ಚೆನ್ನಾಗಿ ಉರಿದ ಒಲೆ ಕ್ರಮೇಣ ಮಂಕಾಯಿತು. ಜ್ವಾಲೆ ಬರ್ನರನ್ನು ಬಿಟ್ಟು ಮೇಲಕ್ಕೆ ಹಾರುವುದು, ಪುಕ್ಕೆಂದು ಆರುವುದು, ಅನ್ನದ ನೀರು ಕುದಿಯಲು ಒಂದು ಗಂಟೆ ತಗಲುವುದು, ಹೀಗಾಯಿತು. ಆಗ ಡಬ್ಬಿಯವನು ಬಂದ. ಅವನು ಮಾಡಿದ ಮೊದಲ ಕೆಲಸವೇನು ಗೊತ್ತೆ? ಬರ್ನರುಗಳನ್ನು ಕಳಚಿ ಸೋಡಾ ನೀರಿನಲ್ಲಿ ತೊಳೆದ. ಪೈಪಿನ ತಗ್ಗಿನಲ್ಲಿ ನಿಂತಿದ್ದ ನೀರನ್ನು ಬಿಟ್ಟ. ಜೆಟ್ಟಿನ ತೂತನ್ನು ತಂತಿಯಿಂದ ಚುಚ್ಚಿದ. ಇಷ್ಟಾದ ಮೇಲೆ ಪುಡಿ ಹಾಕಿ ಬೆಂಕಿಕಡ್ಡಿ ಗೀರಿದ. ಜ್ವಾಲೆ ಚೆನ್ನಾಗಿ ಬಂತು! ಎಲ್ಲರೂ ಚಪ್ಪಾಳೆ ತಟ್ಟಿದರು, ಹನ್ನೆರಡು ಡಬ್ಬಿ ಕೊಂಡರು. ಮಂತ್ರವಾದಿ ತಾಯಿತ ಕಟ್ಟುವ ಮೊದಲು ರೋಗಿಗೆ ಗಂಜಿ ಕುಡಿಸಿದ ಹಾಗೆ. ಗುಣವಾದದ್ದು ಗಂಜಿಯಿಂದ, ಹೆಸರು ತಾಯಿತಕ್ಕೆ.

ನಾನು ಹಿಂದೆ ಮೇಷ್ಟ್ರಾಗಿದ್ದವನು. ಮೆಟ್ರಿಕ್ಕಿನಾಚೆ ಓದಿದವನಲ್ಲ, ಆದರೆ ಮಕ್ಕಳಿಗೆ ಆಮ್ಲಜನಕದ ಪಾಠ ಮಾಡಿದ್ದೇನೆ. ಮೇಣದ ಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಕವುಚಿ ಹಾಕಿ, ಅದು ಆರುವುದನ್ನು ತೋರಿಸುವ ಪಾಠ. ನೀವೆಲ್ಲರೂ ಅದನ್ನು ಕಲಿತವರೇ. ಡಬ್ಬಿಯವನು ಆಡಿಕೊಳ್ಳುವುದು ಆ ಪಾಠದ ಮೇಲೆಯೇ. ಬೆಂಕಿಗೆ ಆಮ್ಲಜನಕ ಬೇಕು. ಈ ಪುಡಿಯಲ್ಲಿ ಆಮ್ಲಜನಕ ತುಂಬಿದೆ. ಆದ್ದರಿಂದ ಇದನ್ನು ಹಾಕಿದರೆ ಬೆಂಕಿ ಹೆಚ್ಚುತ್ತದೆ. ಮಾತು ಕೇಳುವುದಕ್ಕೆ ನೇರವಾಗಿದೆ. ಎಲ್ಲಿ ತಪ್ಪಿದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಗೋಬರ್ ಗ್ಯಾಸ್ ಎಂದರೆ ಒಂದೇ ಅನಿಲವಲ್ಲ. ಅದರ ನೂರು ಪಾಲಿನಲ್ಲಿ 55ರಿಂದ 65 ಪಾಲು ಮೀಥೇನ್, ಉರಿಯುವುದು ಅದೊಂದೇ. ಉಳಿದುದು ಬಹುಮಟ್ಟಿಗೆ ಇಂಗಾಲಾಮ್ಲ, ಅಂದರೆ ನಾವು ಉಸಿರಿನಲ್ಲಿ ಹೊರಗೆ ಬಿಡುವ ಅನಿಲ. ಜೊತೆಗೆ ಸ್ವಲ್ಪ ನೀರಿನ ಆವಿ, ಕೊಳೆತ ಮೊಟ್ಟೆಯ ನಾತ ಹೊಡೆಯುವ ಗಂಧಕದ ಅನಿಲ ಚೂರು. 1776ರಲ್ಲಿ ಇಟಲಿಯ ವೋಲ್ಟಾ ಸರೋವರದ ಕೆಸರನ್ನು ಕೋಲಿನಿಂದ ಕದಡಿ, ಎದ್ದ ಗುಳ್ಳೆಗಳನ್ನು ಹಿಡಿದು ಹಚ್ಚಿದ್ದು ಈ ಮೀಥೇನನ್ನೇ. ನಮ್ಮ ದೇಶದಲ್ಲಿ ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಷ್ಟು ಹಿಂದೆಯೇ ಮಲದ ಗ್ಯಾಸಿನಿಂದ ದೀಪ ಉರಿಸಿದ್ದರು. ಜಶಭಾಯಿ ಪಟೇಲರು 1951ರ ಸುಮಾರಿಗೆ ಮೇಲೇಳುವ ಡ್ರಮ್ಮಿನ ತೊಟ್ಟಿಯನ್ನು ರೂಪಿಸಿದರು, ಖಾದಿ ಆಯೋಗ ಅದನ್ನು ಹಳ್ಳಿಹಳ್ಳಿಗೆ ಕೊಂಡೊಯ್ದಿತು. ಇಷ್ಟು ಹಳೆಯದಾದ ವಿದ್ಯೆಯಲ್ಲಿ ಪುಡಿಗೆ ಎಡೆಯಿದ್ದಿದ್ದರೆ ಅದು ಈ ಡಬ್ಬಿಯವನ ಕಣ್ಣಿಗೆ ಮಾತ್ರ ಬೀಳಬೇಕಾಗಿತ್ತೆ?

ಲೆಕ್ಕಕ್ಕೆ ಬರೋಣ. ನೂರಕ್ಕೆ ಅರವತ್ತು ಪಾಲು ಮೀಥೇನ್ ಇರುವ ಒಂದು ಘನಮೀಟರ್ ಗ್ಯಾಸು ಪೂರ್ತಿ ಉರಿಯಲು ಒಂದೂಕಾಲು ಘನಮೀಟರಿಗೆ ತುಸು ಕಡಿಮೆ ಆಮ್ಲಜನಕ ಬೇಕು. ತೂಕದಲ್ಲಿ ಒಂದೂವರೆ ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು. ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕವೇ ಇರುವುದರಿಂದ ಐದೂಮುಕ್ಕಾಲು ಘನಮೀಟರ್ ಗಾಳಿ ಸಿಕ್ಕರೆ ಆಯಿತು. ಈ ಗಾಳಿಗೆ ಬಿಲ್ ಇಲ್ಲ, ಟೆಂಡರ್ ಇಲ್ಲ. ಇದನ್ನೇ ಪುಡಿಯಿಂದ ಪೂರೈಸುತ್ತೇನೆಂದು ಹೊರಟರೆ? ಪೆಟ್ಲುಪ್ಪು ತನ್ನಲ್ಲಿರುವ ಆಮ್ಲಜನಕವನ್ನು ಚೂರೂ ಉಳಿಸದೆ ಬಿಟ್ಟುಕೊಟ್ಟಿತೆಂದೇ ಇಟ್ಟುಕೊಳ್ಳಿ, ಒಂದು ಘನಮೀಟರ್ ಗ್ಯಾಸಿಗೆ ಸುಮಾರು 4 ಕಿಲೋ ಪೆಟ್ಲುಪ್ಪು ಬೇಕು. ಬಾವಿಗೆ ಹಾಕುತ್ತಾರಲ್ಲ, ಆ ನೇರಳೆ ಬಣ್ಣದ ಪರ್ಮಾಂಗನೇಟು, ಅದಾದರೆ ಕಾಯಿಸಿದಾಗ ಬಿಡುವ ಆಮ್ಲಜನಕದ ಲೆಕ್ಕದಲ್ಲಿ 15 ಕಿಲೋ. ಅಷ್ಟು ಸುರಿದು ಸಿಗುವ ಶಾಖವೆಷ್ಟು? ಒಂದು ಘನಮೀಟರ್ ಗ್ಯಾಸಿನ ಶಾಖ ಅರ್ಧ ಕಿಲೋ ಸಿಲಿಂಡರ್ ಗ್ಯಾಸಿಗಿಂತಲೂ ತುಸು ಕಡಿಮೆ.

ಅವನು ಹೇಳುವುದು ಕಿಲೋ ಅಲ್ಲ, ಚಮಚ ಎನ್ನುತ್ತೀರಿ. ಸರಿ, ಚಮಚದ ಲೆಕ್ಕವನ್ನೂ ನೋಡೋಣ. ಹತ್ತು ಗ್ರಾಂ ಪೆಟ್ಲುಪ್ಪಿನಿಂದ ಹೆಚ್ಚೆಂದರೆ ಮೂರು ಲೀಟರು ಆಮ್ಲಜನಕ ಬರಬಹುದು. ಗಂಟೆಗೆ ಅರ್ಧ ಘನಮೀಟರ್ ಉರಿಸುವ ಮನೆಯೊಲೆಯೇ ನಿಮಿಷಕ್ಕೆ ಸುಮಾರು ಹತ್ತು ಲೀಟರು ಆಮ್ಲಜನಕವನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ. ಅಂದಮೇಲೆ ಒಂದು ಚಮಚ ಪುಡಿ ಮನೆಯೊಲೆಯ ಇಪ್ಪತ್ತು ಸೆಕೆಂಡಿನ ಉಸಿರಿಗೂ ಸಾಲದು. ಕ್ಯಾಂಟೀನಿನ ದೊಡ್ಡ ಒಲೆಗೆ ಇನ್ನೂ ಕಡಿಮೆ. ವಾರಕ್ಕೊಂದು ಚಮಚ!

ಹಾಗಾದರೆ ಆ ದಿನ ಪುಡಿಯನ್ನು ಜ್ವಾಲೆಯ ಮೇಲೆ ಚಿಮುಕಿಸಿದಾಗ ಝಗ್ಗೆಂದು ಬೆಳಗಿತಲ್ಲ ಎಂದು ಹುಡುಗ ನನ್ನನ್ನು ಕೇಳಿದ. ಬೆಳಗಿತು, ನಿಜ. ಒಲೆಯ ಮೇಲೆ ಚೆಲ್ಲಿದ ಜಿಡ್ಡು, ಮಸಿ ಉರಿದು ಬೆಳಗಿತು. ಉಪ್ಪು ಚಿಮುಕಿಸಿದರೂ ಜ್ವಾಲೆ ಹಳದಿಯಾಗಿ ಬೆಳಗುತ್ತದೆ. ಬೆಳಕು ಬೇರೆ, ಶಾಖ ಬೇರೆ. ಶಾಖ ನೋಡಬೇಕಾದರೆ ಒಂದು ಪಾತ್ರೆಯಲ್ಲಿ ಎರಡು ಲೀಟರು ನೀರಿಟ್ಟು, ಮುಚ್ಚಳ ಮುಚ್ಚಿ, ಕುದಿಯಲು ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಬೇಕು. ಒಲೆ ತೊಳೆಯುವ ಮೊದಲೊಮ್ಮೆ, ತೊಳೆದ ಮೇಲೊಮ್ಮೆ. ನಾವು ಮೂವರು ಹೋಗಿ ಇಷ್ಟು ಮಾಡಿ ನೋಡಿದೆವು. ಪುಡಿಯ ಡಬ್ಬಿಯ ಬಾಯಿ ತೆರೆಯದೆಯೇ, ತೊಳೆದ ಒಲೆಯ ಮೇಲೆ ನೀರು ಬೇಗ ಕುದಿಯಿತು. ಪುಡಿ ಹಾಕಿ ನೋಡಲು ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದೇ ಈ ಭಾಷಣದ ಮುಖ್ಯ ಮಾತು.

ನಿಮ್ಮಲ್ಲಿ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಗ್ಯಾಸ್ ಕಟಿಂಗ್ ಮಾಡುವವರಿದ್ದೀರಿ. ಕೈ ಎತ್ತಿ. ನೀವು ಹೇಳಿ: ಕಪ್ಪು ಸಿಲಿಂಡರಿನ ಆಕ್ಸಿಜನ್ನನ್ನೂ ಮೆರೂನ್ ಬಣ್ಣದ ಸಿಲಿಂಡರಿನ ಅಸಿಟಿಲೀನನ್ನೂ ಒಂದೇ ಸಿಲಿಂಡರಿನಲ್ಲಿ ತುಂಬಿ ಕೊಟ್ಟರೆ ಮುಟ್ಟುತ್ತೀರಾ? ಒಂದು ರಬ್ಬರ್ ಪೈಪಿನ ಖರ್ಚು ಉಳಿಯಿತೆಂದು ಸಂತೋಷಪಡುತ್ತೀರಾ? ಯಾರೂ ಮುಟ್ಟುವುದಿಲ್ಲ. ಆಕ್ಸಿಜನ್ನಿನ ಮೀಟರಿಗೆ ಎಣ್ಣೆ ಕೈ ತಾಗಿಸಬಾರದು ಎಂಬುದು ಸೇರಿದ ಮೊದಲ ದಿನವೇ ನಿಮಗೆ ಕಲಿಸಿದ ಪಾಠ. ಉರಿಯುವುದೂ ಉರಿಸುವುದೂ ಬೇರೆ ಬೇರೆ ದಾರಿಯಲ್ಲಿ ಬಂದು ಟಾರ್ಚಿನ ಬಾಯಿಯ ಬಳಿ ಮಾತ್ರ ಕೂಡಬೇಕು. ಅಡಿಗೆಯ ಒಲೆಯಲ್ಲಿಯೂ ಹಾಗೆಯೇ: ಗ್ಯಾಸು ಪೈಪಿನಲ್ಲಿ ಬರುತ್ತದೆ, ಗಾಳಿ ಜೆಟ್ಟಿನ ಪಕ್ಕದ ತೂತಿನಲ್ಲಿ ಬರುತ್ತದೆ, ಕೂಡುವುದು ಬರ್ನರಿನ ಕುತ್ತಿಗೆಯಲ್ಲಿ. ಡಬ್ಬಿಯವನು ಇವೆರಡನ್ನೂ ತೊಟ್ಟಿಯಲ್ಲಿಯೇ, ಪೈಪಿನಲ್ಲಿಯೇ ಕೂಡಿಸೆನ್ನುತ್ತಾನೆ!

ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನು ಅರೆದರೆ ಕೋವಿಯ ಮದ್ದಾಗುತ್ತದೆ. ಗ್ಯಾಸಿನ ಹಳೆಯ ಪೈಪಿನೊಳಗೆ ಮೊದಲೇ ಗಂಧಕದ ಪದರ ಕೂತಿರುತ್ತದೆ, ಜಿಡ್ಡು ಕೂತಿರುತ್ತದೆ. ಅಲ್ಲಿಗೆ ಈ ಪುಡಿಯನ್ನೂ ಸುರಿದಿಟ್ಟು, ಮುಂದೊಂದು ದಿನ ಅದೇ ಪೈಪಿಗೆ ವೆಲ್ಡಿಂಗ್ ಮಾಡಲು ಒಬ್ಬ ಹುಡುಗನನ್ನು ಕಳಿಸಿದರೆ? ಇನ್ನು ಬಿಳಿ ದ್ರವದ ಕ್ಯಾನು, ಹೈಡ್ರೊಜನ್ ಪೆರಾಕ್ಸೈಡು, ಅದನ್ನು ಬಗ್ಗಡಕ್ಕೆ ಸುರಿದರೆ ನೊರೆಯೆದ್ದು ಆಮ್ಲಜನಕ ಬಿಡುತ್ತದೆ. ಆ ಆಮ್ಲಜನಕ ಹೋಗಿ ಕೂಡುವುದು ಡ್ರಮ್ಮಿನೊಳಗಿನ ಮೀಥೇನಿನ ಜೊತೆ. ಬರೀ ಗಾಳಿಯಲ್ಲಿ ಮೀಥೇನು ನೂರಕ್ಕೆ ಐದರಿಂದ ಹದಿನೈದು ಪಾಲು ಇದ್ದಾಗ ಮಾತ್ರ ಸಿಡಿಯುತ್ತದೆ. ಶುದ್ಧ ಆಮ್ಲಜನಕದಲ್ಲಾದರೆ ಐದರಿಂದ ಅರವತ್ತರವರೆಗೂ ಸಿಡಿಯಬಲ್ಲದು. ಅಂದರೆ ಗಾಳಿಯಲ್ಲಿ ತಪ್ಪಿಸಿಕೊಳ್ಳಲು ಇರುವ ಎಡೆಯನ್ನು ನಾವೇ ದುಡ್ಡು ಕೊಟ್ಟು ಮುಚ್ಚಿದಂತೆ.

ಸಿಡಿಯದೆ ಉಳಿಯಿತೆನ್ನಿ. ಆಗಲೂ ತೊಟ್ಟಿ ಕೆಡುತ್ತದೆ. ಗ್ಯಾಸು ಮಾಡುವುದು ನಾವಲ್ಲ, ಮ್ಯಾನೇಜರೂ ಅಲ್ಲ, ಬಗ್ಗಡದೊಳಗಿನ ಸೂಕ್ಷ್ಮಜೀವಿಗಳು. ಅವುಗಳ ಜಾತಿಯೇ ವಿಚಿತ್ರ. ಆಮ್ಲಜನಕ ತಗಲಿದರೆ ಅವು ಬದುಕುವುದಿಲ್ಲ. ಗಾಳಿ ಹೋಗದಂತೆ ತೊಟ್ಟಿ ಮುಚ್ಚುವುದು ಇದಕ್ಕಾಗಿಯೇ. ಅಲ್ಲಿಗೆ ಬ್ಲೀಚಿಂಗ್ ಪುಡಿ, ಪರ್ಮಾಂಗನೇಟು ಹಾಕುವುದೆಂದರೆ ಹಾಲಿಗೆ ಹೆಪ್ಪು ಹಾಕಿ ಮೇಲೆ ಫಿನಾಯಿಲ್ ಬಿಟ್ಟ ಹಾಗೆ. ಪೆಟ್ಲುಪ್ಪು ಹಾಕಿದರೆ ಇನ್ನೊಂದು ಮೋಸವಿದೆ: ಪೆಟ್ಲುಪ್ಪನ್ನು ತಿಂದು ಬದುಕುವ ಬೇರೆ ಜೀವಿಗಳು ಆ ಬಗ್ಗಡದಲ್ಲಿರುತ್ತವೆ, ಅವು ಮುಂದಾಗಿ ಸಾರಜನಕ ಬಿಡುತ್ತವೆ. ಗುಳ್ಳೆ ಬರುತ್ತದೆ, ಡ್ರಮ್ಮು ಏರುತ್ತದೆ, ಡಬ್ಬಿಯವನು ನೋಡಿದಿರಾ ಎನ್ನುತ್ತಾನೆ. ಆದರೆ ಸಾರಜನಕ ಉರಿಯುವುದಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆಮ್ಲಜನಕ ಕೊಡುವ ರಸಾಯನಗಳಿಗೆ ಗ್ಯಾಸಿನ ವಿದ್ಯೆಯಲ್ಲಿ ಎಲ್ಲಿಯೂ ಸ್ಥಾನವಿಲ್ಲ ಎಂದೇನೂ ಅಲ್ಲ. ಕೊಳೆತ ಮೊಟ್ಟೆಯ ನಾತದ ಅನಿಲವನ್ನು ತೆಗೆಯಲು ಅವುಗಳ ಉಪಯೋಗ ಉಂಟು. ಪರ್ಮಾಂಗನೇಟಿನ ನೀರಿನೊಳಗಿಂದ ಗ್ಯಾಸನ್ನು ಹಾಯಿಸಿದರೆ ನಾತ ಹೋಗುತ್ತದೆ, ಮೀಥೇನು ಹಾಗೆಯೇ ದಾಟಿಹೋಗುತ್ತದೆ. ದೊಡ್ಡ ಸ್ಥಾವರಗಳಲ್ಲಿ ಮೀಟರು ಇಟ್ಟುಕೊಂಡು, ತಿಳಿದ ಎಂಜಿನಿಯರು ನಿಂತುಕೊಂಡು, ಗ್ಯಾಸಿನ ನೂರಕ್ಕೆ ಕೆಲವೇ ಪಾಲು ಗಾಳಿಯನ್ನು ಒಳಕ್ಕೆ ಬಿಟ್ಟು ಗಂಧಕವನ್ನು ಬೇರ್ಪಡಿಸುವ ಪದ್ಧತಿಯೂ ಇದೆ. ಡಬ್ಬಿಯವನು ಅಲ್ಲಿಂದ ಒಂದು ತುಂಡು ಸತ್ಯವನ್ನು ಕಿತ್ತುಕೊಂಡು ಬಂದಿದ್ದಾನೆ. ಆದರೆ ನಾತ ಹೋದರೆ ಜ್ವಾಲೆ ಬಲಿಯುವುದಿಲ್ಲ. ಪಾತ್ರೆ, ಪೈಪು ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ, ಅಡಿಗೆಯವರ ಕಣ್ಣುರಿ ಕಡಿಮೆಯಾಗುತ್ತದೆ, ಅಷ್ಟೆ.

ಅದೇ ಕೆಲಸವನ್ನು ಅಪಾಯವಿಲ್ಲದೆ ಮಾಡತಕ್ಕ ವಸ್ತು ಈ ಪೀಣ್ಯದಲ್ಲಿ ಬೀದಿಬೀದಿಗೂ ಬಿದ್ದಿದೆ. ಲೇತ್ ಮಿಷಿನ್ನಿನಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆ! ಅದನ್ನು ಸೋಡಾ ನೀರಿನಲ್ಲಿ ತೊಳೆದು ಎಣ್ಣೆ ತೆಗೆದು, ನೀರು ಚಿಮುಕಿಸಿ ಬಿಸಿಲಿನಲ್ಲಿ ಕೆಂಪಗೆ ತುಕ್ಕು ಹಿಡಿಸಿ, ಒಂದು ಪೈಪಿನ ತುಂಡಿನಲ್ಲಿ ಸಡಿಲವಾಗಿ ತುಂಬಿ ಗ್ಯಾಸನ್ನು ಅದರ ಮೂಲಕ ಹಾಯಿಸಿದರೆ ತುಕ್ಕು ಗಂಧಕವನ್ನು ಹಿಡಿದುಕೊಳ್ಳುತ್ತದೆ, ಕಪ್ಪಾಗುತ್ತದೆ. ಕಪ್ಪಾದುದನ್ನು ತೆಗೆದು ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ. ಆದರೆ ಎಚ್ಚರಿಕೆ: ತೆಗೆದ ಕೂಡಲೆ ಅದು ತಾನೇ ಬಿಸಿಯಾಗುತ್ತದೆ, ಗುಡ್ಡೆ ಹಾಕಿದರೆ ಹೊತ್ತಿಕೊಳ್ಳಲೂಬಹುದು. ನೀರು ಚಿಮುಕಿಸಿ ತೆಳ್ಳಗೆ ಹರಡಬೇಕು, ಕಾಗದ ಬಟ್ಟೆಗಳಿಂದ ದೂರ.

ಈಗ ಜ್ವಾಲೆಯ ನಿಜವಾದ ರೋಗಕ್ಕೆ ಬರೋಣ. ನಾವು ನೋಡಿದ ಕ್ಯಾಂಟೀನಿನ ಒಲೆ ಮೂಲತಃ ಸಿಲಿಂಡರ್ ಗ್ಯಾಸಿನದು. ಅದನ್ನೇ ಗೋಬರ್ ಗ್ಯಾಸಿಗೆ ತಗುಲಿಸಿದ್ದರು. ಇದು ಉಳಿತಾಯವೆಂದು ಯಾರೋ ತಿಳಿದಿದ್ದರು. ಸಿಲಿಂಡರ್ ಗ್ಯಾಸು ಒಲೆಗೆ ಬರುವುದು ಸುಮಾರು 30 ಸೆಂಟಿಮೀಟರ್ ನೀರಿನ ಎತ್ತರದ ಒತ್ತಡದಲ್ಲಿ. ಡ್ರಮ್ಮಿನ ಗ್ಯಾಸು ಬರುವುದು ಹತ್ತರ ಆಸುಪಾಸಿನಲ್ಲಿ. ಸಿಲಿಂಡರ್ ಗ್ಯಾಸಿನ ಒಂದು ಪಾಲಿಗೆ ಇಪ್ಪತ್ತೈದು ಮೂವತ್ತು ಪಾಲು ಗಾಳಿ ಬೇಕು. ನಮ್ಮ ಗ್ಯಾಸಿಗೆ ಆರು ಪಾಲೂ ಬೇಡ. ಆದ್ದರಿಂದ ಆ ಒಲೆಯಲ್ಲಿ ಜೆಟ್ಟಿನ ತೂತು ತೀರ ಸಣ್ಣದು, ಗಾಳಿಯ ಕಿಂಡಿ ತೀರ ದೊಡ್ಡದು. ಬಡಪಾಯಿ ಜ್ವಾಲೆಗೆ ಆಮ್ಲಜನಕ ಕಡಿಮೆಯಾಗಿಲ್ಲ, ಹೆಚ್ಚಾಗಿದೆ! ಮೊದಲೇ ಇಂಗಾಲಾಮ್ಲದ ಭಾರ ಹೊತ್ತು ನಿಧಾನವಾಗಿ ನಡೆಯುವ ಜ್ವಾಲೆಯನ್ನು ಗಾಳಿ ತಳ್ಳಿ ಹಾರಿಸಿಬಿಡುತ್ತದೆ. ಅದಕ್ಕೆ ಇನ್ನಷ್ಟು ಆಮ್ಲಜನಕ ಕುಡಿಸುತ್ತೇನೆಂದು ಡಬ್ಬಿ ಹಿಡಿದು ಬಂದವನ ಬುದ್ಧಿಗೆ ಏನೆನ್ನೋಣ. ಗೋಬರ್ ಗ್ಯಾಸಿಗೆಂದೇ ಮಾಡಿದ, ಐ.ಎಸ್. 8749 ಎಂಬ ಗುರುತಿನ ಒಲೆಗಳಿವೆ. ಕೊಟ್ಟ ಶಾಖದಲ್ಲಿ ನೂರಕ್ಕೆ 55 ಪಾಲಾದರೂ ಪಾತ್ರೆಗೆ ಮುಟ್ಟಬೇಕೆಂಬುದು ಅದರ ನಿಯಮ. ಕ್ಯಾಂಟೀನಿಗೆ ಅಂಥ ಒಲೆ ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ.

ಒಲೆ ಸರಿಯಿದ್ದೂ ಜ್ವಾಲೆ ಮಂಕಾದರೆ ರೋಗ ತೊಟ್ಟಿಯ ಹೊಟ್ಟೆಯಲ್ಲಿದೆ. ಹಬ್ಬದ ಮರುದಿನ ಉಳಿದ ಅನ್ನ, ಪಾಯಸ ಎಲ್ಲವನ್ನೂ ಒಂದೇ ಸಲ ತುರುಕಿದರೆ ತೊಟ್ಟಿ ಹುಳಿಯುತ್ತದೆ. ಮನುಷ್ಯನ ಹೊಟ್ಟೆಯಂತೆಯೇ. ಹುಳಿತ ತೊಟ್ಟಿಯಿಂದ ಬರುವುದು ಹೆಚ್ಚಾಗಿ ಇಂಗಾಲಾಮ್ಲ. ಮೀಥೇನು ನೂರಕ್ಕೆ ನಲವತ್ತೈದಕ್ಕಿಂತ ಕೆಳಗಿಳಿದರೆ ಅದು ನೆಟ್ಟಗೆ ಉರಿಯುವುದೇ ಇಲ್ಲ. ಆಗ ಎರಡು ಮೂರು ದಿನ ಏನೂ ಹಾಕದೆ ಉಪವಾಸ ಕೆಡವಬೇಕು, ಒಂದೆರಡು ಬಕೆಟ್ ಹೊಸ ಸಗಣಿ ನೀರು ಬಿಡಬೇಕು, ಹುಳಿ ಮುರಿಯಲು ಸ್ವಲ್ಪ ಸುಣ್ಣದ ನೀರು. ನೆಲ ತೊಳೆದ ಫಿನಾಯಿಲ್ ನೀರು, ಬ್ಲೀಚಿಂಗ್ ನೀರು ತೊಟ್ಟಿಗೆ ಹೋಗಕೂಡದು. ಬೆಂಗಳೂರಿನ ಪುಷ್ಯ ಮಾಘದ ಚಳಿಗೂ ಗ್ಯಾಸು ಇಳಿಯುತ್ತದೆ. ಅದಕ್ಕೆ ಯಾರ ತಪ್ಪೂ ಇಲ್ಲ. ಇಂಗಾಲಾಮ್ಲವನ್ನೇ ತೆಗೆದುಬಿಟ್ಟರೆ ಜ್ವಾಲೆ ಚುರುಕಾಗುವುದು ನಿಜ, ಬಸ್ಸು ಲಾರಿಗೆ ತುಂಬುವ ಗ್ಯಾಸಿನಲ್ಲಿ ಮೀಥೇನು ನೂರಕ್ಕೆ ತೊಂಬತ್ತಾದರೂ ಇರಬೇಕೆಂದು ಹಾಗೆ ಮಾಡುತ್ತಾರೆ. ಕ್ಯಾಂಟೀನಿನಲ್ಲಿ ಸುಣ್ಣದ ನೀರಿನಿಂದ ಅದನ್ನು ಮಾಡಹೊರಟರೆ ಘನಮೀಟರಿಗೆ ಒಂದು ಕಿಲೋಗೂ ಮೇಲ್ಪಟ್ಟು ಸುಣ್ಣ ಬೇಕು. ಅಡಿಗೆಗೆ ಅದು ಬೇಕಿಲ್ಲ.

ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರಾಗಿದ್ದ ಅಮೂಲ್ಯ ರೆಡ್ಡಿಯವರು (1930-2006) ರಸಾಯನಶಾಸ್ತ್ರದಲ್ಲಿಯೇ ಲೋಕಪ್ರಸಿದ್ಧರು. ಅಂಥವರು 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರವಿದ್ಯೆಯ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿನ ಸಗಣಿಯಿಂದ ಗ್ಯಾಸು ಮಾಡಿದರು. ಮೊದಲು ಅದನ್ನು ಅಡಿಗೆಗೆಂದು ಎಣಿಸಿದ್ದರು, ಸಾಲದೆ ಬಂತು. ಆಗ ಪುಡಿ ಹುಡುಕಿಕೊಂಡು ಹೋದರೆ? ಇಲ್ಲ. ಊರವರ ಜೊತೆ ಕುಳಿತು ಮಾತನಾಡಿ, ಇದ್ದ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಹೊತ್ತಿಸುವುದಕ್ಕೆ ಸ್ವಲ್ಪ ಡೀಸೆಲ್, ಉಳಿದುದು ಗ್ಯಾಸು ಮತ್ತು ಗಾಳಿ. 1987ರಿಂದ ಮನೆಗಳಿಗೆ ದೀಪ ಬಂತು, ಕೊಳವೆ ಬಾವಿಯ ನೀರು ನಲ್ಲಿಗೆ ಬಂತು. ಸಗಣಿ ತಂದ ಮನೆಗೆ ಬಗ್ಗಡ ಹಿಂತಿರುಗಿತು, ತಂದ ಕೂಲಿಯೂ ಸಿಕ್ಕಿತು, ಎಂಜಿನ್ ನಡೆಸಿದವರು ಊರ ಹುಡುಗರೇ. ವರ್ಷಗಟ್ಟಲೆ ನಡೆಯಿತು. ಕಡೆಗೆ ನಿಂತಿತು, ಆ ಮಾತನ್ನೂ ಮುಚ್ಚಿಡಬಾರದು. ಆದರೆ ರಸಾಯನಶಾಸ್ತ್ರ ಅರೆದು ಕುಡಿದವರು ಗ್ಯಾಸಿಗೆ ರಸಾಯನ ಬೆರೆಸಲಿಲ್ಲ, ಲೆಕ್ಕ ಬೆರೆಸಿದರು.

ಈ ಡಬ್ಬಿಯನ್ನು ನಮ್ಮ ಮ್ಯಾನೇಜರು ಯಾಕೆ ಕೊಂಡರು? ಅವರು ದಡ್ಡರೆಂದು ನಾನು ಹೇಳುವುದಿಲ್ಲ. 2012ರಲ್ಲಿ ಮಾವಳ್ಳಿಪುರದ ಜನ ಕಸದ ಲಾರಿಗಳನ್ನು ತಡೆದರು; ವೈಟ್‌ಫೀಲ್ಡಿನ ಆಚೆಯ ಮಂಡೂರಿನ ಜನ ವರ್ಷಗಳ ಹೋರಾಟದಿಂದ 2014ರ ಕೊನೆಗೆ ಬೆಂಗಳೂರಿನ ಕಸವನ್ನು ನಿಲ್ಲಿಸಿದರು. ಬಡವರ ಊರು ತಿಪ್ಪೆಯಲ್ಲ ಎಂದು ಆ ರೈತರೂ ಹೆಂಗಸರೂ ಹೇಳಿದ್ದರಿಂದಲೇ ಊರಿನ ಕಸದ ರಾಜಕೀಯ ಬದಲಾದದ್ದು. 2016ರ ಕೇಂದ್ರದ ನಿಯಮಗಳು ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಮಾಡುವ ಸಂಸ್ಥೆಗಳು ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲಿಯೇ ಕರಗಿಸಬೇಕೆಂದು ಹೇಳಿದವು. ಒಳ್ಳೆಯದಾಯಿತು. ಆದರೆ ಕಾನೂನು ತೊಟ್ಟಿ ಕಟ್ಟಿಸಿತು; ತೊಟ್ಟಿಯನ್ನು ನೋಡಿಕೊಳ್ಳತಕ್ಕ ಕೆಲಸಗಾರನಿಗೆ ಒಂದು ದಿನದ ತರಬೇತಿಯನ್ನೂ ಕೊಡಿಸಲಿಲ್ಲ. ಕಟ್ಟಿದ ಗುತ್ತಿಗೆದಾರ ಬಿಲ್ ಪಡೆದು ಹೋದ. ತಪಾಸಣೆಗೆ ಬರುವವರಿಗೆ ಒಲೆ ಉರಿಯುವುದು ಕಾಣಬೇಕು. ತರಬೇತಿ ಪಡೆದ ಕಾಯಂ ಕೆಲಸಗಾರನಿಗೆ ತಿಂಗಳ ಸಂಬಳ ಕೊಡುವುದಕ್ಕಿಂತ ಹನ್ನೆರಡು ಡಬ್ಬಿ ಅಗ್ಗ. ಇದು ದಡ್ಡತನವಲ್ಲ, ಲೆಕ್ಕಾಚಾರ. ಅದರ ಸಾಲ ತೀರಿಸುವವರು ನೀವು.

ಹೇಗೆ ತೀರಿಸುತ್ತೀರಿ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಗುಂಡಿಯಲ್ಲಿ ಕೊಳೆತದ್ದೆಲ್ಲ ಒಂದೇ ಅನಿಲ ಕೊಡುತ್ತದೆ. 2017ರ ಮಾರ್ಚ್ ತಿಂಗಳಲ್ಲಿ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟ್ ಒಂದರ ಕೊಳಚೆ ನೀರಿನ ತೊಟ್ಟಿಯಲ್ಲಿ ಮೂವರು ಸತ್ತರು. ಕೊಳೆತ ಮೊಟ್ಟೆಯ ನಾತದ ಆ ಅನಿಲ ಸ್ವಲ್ಪವಿದ್ದಾಗ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ, ನಾತ ಹೋಯಿತು ಎಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. 2013ರ ಕಾನೂನು ಒಳಚರಂಡಿಗೂ ಮಲದ ಗುಂಡಿಗೂ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಂಗಾತಿಗಳೆ, ನಮಗೆ ಬೇಕಾದುದು ಮೂವತ್ತು ಲಕ್ಷವಲ್ಲ, ನಮ್ಮ ಹುಡುಗ.

ಪುಡಿ ಹಾಕಿದ ತೊಟ್ಟಿ ಕೆಟ್ಟು ನಿಂತಾಗ ಮುಂದಿನ ಹುಕುಂ ಏನು ಬರುತ್ತದೆಂದು ನಿಮಗೆ ಗೊತ್ತು: ‘ಇಳಿದು ಬಾಚಿಬಿಡು.’ ಅಲ್ಲಿಗೆ ಡಬ್ಬಿಯ ಕಥೆ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ. ಆ ಹುಕುಂ ಬಂದರೆ ಒಬ್ಬರೇ ಉತ್ತರ ಕೊಡಬೇಡಿ, ಹತ್ತು ಜನ ಹೋಗಿ ಕೊಡಿ. ಯಂತ್ರದಿಂದ ಬಗ್ಗಡ ಎಳೆಸಿರಿ, ಅನಿಲ ಅಳೆಯುವ ಮೀಟರು ತರಿಸಿರಿ, ಬರೆದುಕೊಡಿ ಎಂದು ಕೇಳಿ. ಅಡಿಗೆ ಮನೆಯ ಕಿಟಕಿ ಮುಚ್ಚಿಸಿ ಏಸಿಯ ಗಾಳಿ ಉಳಿಸುವ ಮಾತು ಬಂದರೂ ಒಪ್ಪಬೇಡಿ. ಅರೆಬರೆ ಉರಿದ ಗ್ಯಾಸಿನ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಡಾ. ಲೋಹಿಯಾ ಅವರು ಪಾರ್ಲಿಮೆಂಟಿನ ದೊಡ್ಡ ರಾಜಕೀಯದ ನಡುವೆ ಹೆಂಗಸರ ಒಲೆಯ ಹೊಗೆಯ ಮಾತನ್ನು ಎತ್ತಿದಾಗ ನಕ್ಕವರಿದ್ದರು. ಈ ಬೆಲ್ಟಿನ ಕ್ಯಾಂಟೀನುಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುವ ನಮ್ಮ ತಾಯಂದಿರನ್ನು ಕೇಳಿ, ಅದು ನಗುವ ಮಾತೇ ಎಂದು.

ಸಭೆಗೆ ಮುಂಚೆ ಒಬ್ಬ ಅಕ್ಕ ನನ್ನನ್ನು ಕೇಳಿದರು: ‘ಮೇಷ್ಟ್ರೆ, ಉಳಿದ ಹನ್ನೊಂದು ಡಬ್ಬಿಯನ್ನು ಏನು ಮಾಡೋಣ? ಮೋರಿಗೆ ಸುರಿದುಬಿಡಲೆ?’ ಬೇಡ. ಮೋರಿಗೂ ಬೇಡ, ಕಸದ ಬುಟ್ಟಿಗೂ ಬೇಡ, ಬೆಂಕಿಗಂತೂ ಬೇಡವೇ ಬೇಡ. ಸೀಮೆಎಣ್ಣೆ, ಅಡಿಗೆ ಎಣ್ಣೆ, ಮರದ ಹೊಟ್ಟು, ಗೋಣಿಚೀಲ, ಬ್ಲೀಚಿಂಗ್ ಪುಡಿ ಇವುಗಳ ಹತ್ತಿರ ಇಡದೆ, ಒಣಗಿದ ಕಡೆ ಬೇರೆಯಾಗಿ ಇಡಿ. ಒದ್ದೆ ಚಮಚ ಹಾಕಬೇಡಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾವು ನಾಲ್ವರು ಆ ಕಾರ್ಖಾನೆಯ ಆಫೀಸಿಗೆ ಹೋಗುತ್ತೇವೆ. ಡಬ್ಬಿಗಳನ್ನು ಲೆಕ್ಕ ಮಾಡಿ ಮ್ಯಾನೇಜರಿಗೆ ಒಪ್ಪಿಸಿ ರಸೀದಿ ತೆಗೆದುಕೊಳ್ಳುತ್ತೇವೆ, ಮಾರಿದವನಿಗೆ ಹಿಂತಿರುಗಿಸಬೇಕೆಂಬ ಕಾಗದವನ್ನೂ, ಒಲೆ ಬದಲಾಯಿಸಬೇಕೆಂಬ ಕಾಗದವನ್ನೂ ಕೊಡುತ್ತೇವೆ. ಎರಡು ಕಾಗದಗಳೂ ಬರೆದು ಸಿದ್ಧವಾಗಿವೆ, ಅಗೋ ಆ ಮೇಜಿನ ಮೇಲಿವೆ. ಸಭೆ ಮುಗಿದ ಮೇಲೆ ಓದಿ ನೋಡಿ, ಒಪ್ಪಿಗೆಯಾದವರು ರುಜು ಹಾಕಿ. ರುಜು ಬಾರದವರಿಗೆ ಇಂಕಿನ ಪ್ಯಾಡು ತಂದಿದ್ದೇನೆ.